ಹಾಲು, ನೀರು ಮತ್ತು ಸೂಪರ್ ಟಾಪ್‌ಅಪ್

ಹೋದ ಜನವರಿಯಲ್ಲಿ ನನ್ನ ಪಕ್ಕದ ಸೀಟಿನವನನ್ನ ಕೆಲಸದಿಂದ ತೆಗೆದರು. ಮಧ್ಯಾಹ್ನ ಒಟ್ಟಿಗೆ ಊಟ ಮಾಡಿದ್ದೆವು, ನಾಲ್ಕು ಗಂಟೆಗೆ ಅವನ ಲ್ಯಾಪ್‌ಟಾಪ್ ಲಾಕ್ ಆಗಿತ್ತು. ಲಿಫ್ಟಿನ ತನಕ ಬಿಡೋಕೆ ಹೋದೆ. ಸಂಬಳದ ಮಾತೇ ಎತ್ತಲಿಲ್ಲ ಅವನು. "ಅಮ್ಮಂಗೆ ಮುಂದಿನ ತಿಂಗಳು ಮಂಡಿ ಆಪರೇಷನ್ ಇತ್ತು ಮಗಾ. ಕಂಪನಿ ಇನ್ಶೂರೆನ್ಸು ಇವತ್ತಿಗೇ ಮುಗೀತಂತೆ" ಅಂದ.

ರಾತ್ರಿ ನಿದ್ದೆ ಬರಲಿಲ್ಲ. ನನ್ನ ಅಪ್ಪ ಅವ್ವ ಇಬ್ಬರೂ ಇರೋದು ಅದೇ ಕಂಪನಿ ಕೊಟ್ಟ ಐದು ಲಕ್ಷದ ಪಾಲಿಸಿಯಲ್ಲಿ. ಅಪ್ಪನಿಗೆ 67, ಅವ್ವನಿಗೆ 61. ಅಪ್ಪ ಹಾಸನ ಜಿಲ್ಲೆಯ ನಮ್ಮೂರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿಯಾಗಿದ್ದು ರಿಟೈರ್ ಆದವರು, ಪೆನ್ಷನ್ ಇಲ್ಲ. ತಮಾಷೆ ಅಂದರೆ, 2003ರಲ್ಲಿ ಯಶಸ್ವಿನಿ ಶುರುವಾದಾಗ ಊರವರ ಫಾರಂಗಳನ್ನ ತುಂಬಿದ್ದು ಇದೇ ಅಪ್ಪ. ಕೇಂದ್ರ ಸರ್ಕಾರ 2024ರಲ್ಲಿ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತದಲ್ಲಿ ಐದು ಲಕ್ಷ ಅಂತ ಮಾಡಿತಲ್ಲ, ಅದನ್ನ ಹೇಳಿದರೆ, "ಇನ್ನು ಮೂರು ವರ್ಷ ಕಾಯಿಲೆ ಬೀಳಾಕಿಲ್ಲ ಅಂತ ಬರ್ಕೊಡ್ಲೇನು?" ಅಂದರು.

ಎರಡು ವಾರ ಪಾಲಿಸಿಗಳನ್ನ ಓದಿದೆ. ಈ ವಯಸ್ಸಿಗೆ ಹೊಸದಾಗಿ ಪೂರ್ತಿ ಪಾಲಿಸಿ ತಗೊಂಡರೆ ವರ್ಷಕ್ಕೆ ನನ್ನ ಮೂರು ತಿಂಗಳ ಮನೆ ಬಾಡಿಗೆಯಷ್ಟು ಪ್ರೀಮಿಯಂ. 2025ರ ಸೆಪ್ಟೆಂಬರಿನಲ್ಲಿ 18 ಪರ್ಸೆಂಟ್ ಜಿಎಸ್‌ಟಿ ತೆಗೆದ ಮೇಲೂ ಇಷ್ಟು. ಹಾಗಾಗಿ ಕಂಪನಿಯ ಐದು ಲಕ್ಷದ ಮೇಲೆ ಇನ್ನೊಂದು ಪದರ ಹಾಕೋದು ಅಂತ ತೀರ್ಮಾನಿಸಿದೆ. ಅದರಲ್ಲೂ ಎರಡು ಜಾತಿ: ಟಾಪ್‌ಅಪ್, ಸೂಪರ್ ಟಾಪ್‌ಅಪ್. ಹೆಸರು ನೋಡಿದರೆ ಮೊಬೈಲ್ ರೀಚಾರ್ಜ್ ಇದ್ದಂಗಿದೆ, ಆದರೆ ವ್ಯತ್ಯಾಸ ಲಕ್ಷಗಳಲ್ಲಿದೆ.

ಊರಿಗೆ ಹೋಗಿ ಜಗಲಿ ಮೇಲೆ ಕೂತು ಅಪ್ಪನಿಗೆ ಹೇಳಿದೆ. ಮೊದಲ ಐದು ಲಕ್ಷ ನಮ್ಮದು, ಅದರ ಮೇಲಿನದ್ದು ಇವರದ್ದು. ಒಂದೇ ವರ್ಷದಲ್ಲಿ ಎರಡು ಸಲ ಅಡ್ಮಿಟ್ ಆಗಿ, ಎರಡು ಸಲವೂ ನಾಲ್ಕು ನಾಲ್ಕು ಲಕ್ಷ ಬಿಲ್ ಆಯ್ತು ಅಂದ್ಕೊಳ್ಳಿ. ಟಾಪ್‌ಅಪ್‌ನವರು ಒಂದೊಂದು ಬಿಲ್ಲನ್ನೇ ನೋಡ್ತಾರೆ, ಯಾವುದೂ ಐದು ದಾಟಿಲ್ಲ, ಒಂದು ಪೈಸೆ ಇಲ್ಲ. ಸೂಪರ್ ಟಾಪ್‌ಅಪ್‌ನವರು ಎರಡನ್ನೂ ಕೂಡಿ ಎಂಟು ಅಂತ ಹಿಡಿದು, ಮೂರು ಲಕ್ಷ ಕೊಡ್ತಾರೆ.

"ಮೊದಲ್ನೇದು ಒಂದೊಂದು ಹೊತ್ತಿನ ಹಾಲು ನೋಡ್ತದೆ, ಎರಡನೇದು ಬಟವಾಡೆಗೆ ಒಟ್ಟು ಲೆಕ್ಕ ಕೂಡ್ತದೆ. ಅಷ್ಟೇ ತಾನೆ?" ಅಂದರು ಅಪ್ಪ. ನಾನು ಎರಡು ವಾರ ಓದಿದ್ದು ಅಷ್ಟೇ.

ಆಮೇಲೆ ಅವರು ಕೇಳಿದ ಪ್ರಶ್ನೆಯನ್ನ ನಾನು ಎಕ್ಸೆಲ್ ಶೀಟಿನಲ್ಲಿ ಹಾಕಿರಲೇ ಇಲ್ಲ. "ಹಾಸನದಾಗೆ ಯಾವ ಆಸ್ಪತ್ರೆ ಐತೆ ಇದ್ರಲ್ಲಿ?" ನಾನು ನೋಡಿದ್ದೆಲ್ಲ ಬೆಂಗಳೂರಿನ ಆಸ್ಪತ್ರೆಗಳ ಪಟ್ಟಿ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಬೆಂಗಳೂರು ಎಲ್ಲಿಯ ಮಾತು? ನಾನು ಮೊದಲು ಆರಿಸಿದ್ದ ಕಂಪನಿ ಅಲ್ಲೇ ಬಿದ್ದುಹೋಯ್ತು. ರೂಮ್ ಬಾಡಿಗೆಗೆ ಮಿತಿ ಹಾಕಿದ್ದ ಇನ್ನೊಂದನ್ನೂ ಬಿಟ್ಟೆ; ಮಿತಿ ದಾಟಿದ ರೂಮ್ ತಗೊಂಡರೆ ಅದೇ ಪ್ರಮಾಣದಲ್ಲಿ ಡಾಕ್ಟರ್ ಫೀಸಿಗೂ ಕತ್ತರಿ ಬೀಳುತ್ತೆ.

ಕೊನೆಗೆ ಫಾರಂ ತೆರೆದೆ. ಶುಗರ್ ಇದೆಯಾ?

"ಇಲ್ಲ ಅಂತ ಹಾಕು" ಅಂದರು ಅಪ್ಪ.

ಅಪ್ಪನಿಗೆ ಹತ್ತು ವರ್ಷದಿಂದ ಶುಗರ್. ಯಾರೋ ಏಜೆಂಟ್ ಹೇಳಿದ್ದನಂತೆ, ಐದು ವರ್ಷ ಕಟ್ಟಿಬಿಟ್ಟರೆ ಆಮೇಲೆ ಯಾರೂ ಕೇಳಂಗಿಲ್ಲ ಅಂತ. ಪೂರ್ತಿ ಸುಳ್ಳಲ್ಲ. 60 ತಿಂಗಳು ಬಿಡದೆ ಕಟ್ಟಿದ ಮೇಲೆ, ಮೊದಲೇ ಹೇಳಲಿಲ್ಲ ಅಂತ ಕ್ಲೇಮ್ ತಳ್ಳೋ ಹಾಗಿಲ್ಲ. ಆದರೆ ಮೋಸ ಸಾಬೀತಾದರೆ ಆ ರಕ್ಷಣೆ ಇಲ್ಲ. ಅಷ್ಟಕ್ಕೂ ಆ ಐದು ವರ್ಷದ ಒಳಗೇ ಏನಾದರೂ ಆದರೆ? ಹೇಳಿಬಿಟ್ಟರೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕು. ಆ ಮೂರು ವರ್ಷದ ಗಡಿಯಾರ ಶುರುವಾಗೋದು ಪಾಲಿಸಿ ತಗೊಂಡ ದಿನ. ನನ್ನ ಕೆಲಸ ಇರೋವಾಗಲೇ ಇದು ಓಡ್ತಾ ಇರಲಿ ಅನ್ನೋದೇ ನನ್ನ ಲೆಕ್ಕ. ಕೆಲಸ ಹೋದರೆ ಮೊದಲ ಐದು ಲಕ್ಷಕ್ಕೆ ಎಫ್‌ಡಿ ಮುರಿಯಬೇಕು, ಅದೂ ಗೊತ್ತು.

ಇಷ್ಟೆಲ್ಲ ಹೇಳಿದರೂ ಅಪ್ಪ ಒಪ್ಪಲಿಲ್ಲ. ಒಳಗಿಂದ ಅವ್ವ ಅಂದಳು, "ಮೂವತ್ತು ವರ್ಷ ಲ್ಯಾಕ್ಟೋಮೀಟರ್ ಹಿಡ್ಕೊಂಡು, ಹಾಲಿಗೆ ನೀರು ಹಾಕಿದೋರ್ನೆಲ್ಲ ಬೀದೀಲಿ ನಿಲ್ಸಿ ಬೈದೋರು. ಈಗ ತಾವೇ ನೀರು ಹಾಕ್ತಾವ್ರೆ."

ಅಪ್ಪ ಸುಮ್ಮನಾದರು. ನಾನು ಶುಗರ್ ಮುಂದೆ 'ಹೌದು' ಒತ್ತಿದೆ. ಮುಂದಿನ ಪ್ರಶ್ನೆ: ಈ ಹಿಂದೆ ಆಸ್ಪತ್ರೆಗೆ ದಾಖಲಾಗಿದ್ದಾರಾ? ನಾನೇ 'ಇಲ್ಲ' ಒತ್ತೋಕೆ ಹೋದೆ. ಯಾರೂ ಮಾತಾಡಲಿಲ್ಲ. ಆ ಮೌನ ಎಷ್ಟು ಹೊತ್ತಿತ್ತು ಅಂದರೆ ನಾನು ತಲೆ ಎತ್ತಿ ನೋಡಬೇಕಾಯ್ತು.

"ದೀಪಾವಳೀಲಿ ಎರಡು ದಿನ" ಅಂದಳು ಅವ್ವ, ಬಾಗಿಲಿಗೆ ಬಂದು. ಎದೆ ಹಿಡ್ಕೊಂಡಿತ್ತಂತೆ. ಹಾಸನದಲ್ಲಿ ಅಡ್ಮಿಟ್. ಮೂವತ್ತೆಂಟು ಸಾವಿರ ಬಿಲ್. ಬತ್ತಿಹೋಯ್ತು ಅಂತ ಮಾರಿದೆವು ಅಂದಿದ್ದರಲ್ಲ ಆ ಎಚ್‌ಎಫ್ ಹಸು, ಅದು ಬತ್ತಿರಲಿಲ್ಲ. "ನಿಂಗೆ ಏನೋ ರಿಲೀಸು ಅಂತಿದ್ಯಲ್ಲ ಆಗ" ಅಂದರು ಅಪ್ಪ, ತಪ್ಪು ನನ್ನದಲ್ಲ ಅನ್ನೋ ಧ್ವನಿಯಲ್ಲಿ.

ಅವತ್ತು ಕಂಪನಿಯ ಐದು ಲಕ್ಷ ಹಾಗೇ ಇತ್ತು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆದರೆ ಅವರಿಬ್ಬರ ಇನ್ಶೂರೆನ್ಸ್ ಕಾರ್ಡು ನನ್ನ ಮೇಲ್‌ಬಾಕ್ಸಿನಲ್ಲಿತ್ತು, ಪಿಡಿಎಫ್ ಆಗಿ. ಅದನ್ನ ಯಾವತ್ತೂ ಪ್ರಿಂಟ್ ಮಾಡಿ ಕೊಟ್ಟಿರಲಿಲ್ಲ ನಾನು. ರಿಲೀಸಿನ ವಾರದಲ್ಲಿ ಊರಿಗೆ ಫೋನ್ ಮಾಡಿದ್ದೆನಾ ಅಂತ ಕಾಲ್ ಲಾಗ್ ನೋಡೋ ಧೈರ್ಯ ಇನ್ನೂ ಬಂದಿಲ್ಲ.

ಎಲ್ಲ ಬರೆದು ಕಳಿಸಿದೆ. ಪ್ರೀಮಿಯಂ ಸ್ವಲ್ಪ ಜಾಸ್ತಿ ಹಾಕಿ ಒಪ್ಪಿಕೊಂಡರು, ಇಬ್ಬರಿಗೂ ಸೇರಿ ಹೆಚ್ಚುಕಮ್ಮಿ ನನ್ನ ಒಂದೂವರೆ ತಿಂಗಳ ಬಾಡಿಗೆ. ಅದಕ್ಕೂ ಮುಂಚೆ ಇನ್ಶೂರೆನ್ಸ್ ಕಂಪನಿಯ ಡಾಕ್ಟರ್ ಒಬ್ಬರು ಅಪ್ಪನಿಗೆ ಫೋನ್ ಮಾಡಿದ್ದರು. ಅಪ್ಪ ಸ್ಪೀಕರ್ ಹಾಕಿ, ಡೈರಿ ಆಡಿಟ್‌ಗೆ ಕೂತವರ ಹಾಗೆ ನೆಟ್ಟಗೆ ಕೂತರು. ಶುಗರ್, ದೀಪಾವಳಿ, ಮಾತ್ರೆ, ಎಲ್ಲ ಒಂದೊಂದಾಗಿ ಒಪ್ಪಿಸಿದರು.

"ಬೀಡಿ, ಸಿಗರೇಟ್ ಏನಾದ್ರೂ?"

2011ರಲ್ಲೇ ಬಿಟ್ಟಿದ್ದಾರೆ ಅಂತ ನಾವೆಲ್ಲ ನಂಬಿದ್ದೆವು. ಅಪ್ಪ ನನ್ನ ಮುಖ ನೋಡಿದರು, ಅಡುಗೆಮನೆ ಕಡೆ ನೋಡಿದರು, ಗಂಟಲು ಸರಿಮಾಡಿಕೊಂಡರು.

"ದಿನಕ್ಕೆ ಎರಡು ಬೀಡಿ ಮೇಡಂ. ಹಿತ್ತಲಲ್ಲಿ."

ಒಳಗೆ ಸೌಟಿನ ಸದ್ದು ನಿಂತಿತು.