ಹತ್ತು ಸೆಕೆಂಡ್

ನಮ್ಮಲ್ಲಿ ಬಿಜಿಎಂಐ ಆಡದವರು ಕಡಿಮೆ. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್ಜಿಯನ್ನು ನಿಷೇಧಿಸಿತು. ಮರುವರ್ಷ ಅದರ ಜಾಗಕ್ಕೆ ಬಂದ ಆಟ ಇದು. 18 ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ. ಜೊತೆಗಾರನನ್ನೇ ಕೊಂದರೆ ಮೆರಿಟ್ ಅಂಕ ಕಡಿತ. ಇಷ್ಟು ನಿಯಮಗಳು ಸಾಕು ಎಂದುಕೊಂಡಿದ್ದೆ.

ಒಂದು ರಾತ್ರಿ ನಾವು ನಾಲ್ವರು ಗೆಳೆಯರು ಪೊಚಿಂಕಿಯಲ್ಲಿ ಇಳಿದೆವು. ಗುಂಡು ತಗುಲಿ ಒಬ್ಬ ಬಿದ್ದ. "ಬಾರೋ, ಎಬ್ಸೋ" ಎಂದು ಕೂಗಿದ. ಹತ್ತಿರ ಇದ್ದವನು ನಾನೊಬ್ಬನೇ. ಎಬ್ಬಿಸಲು ಸುಮಾರು 10 ಸೆಕೆಂಡ್ ಸಾಕು. ಹೋಗಲಿಲ್ಲ. ಅವನು ಸತ್ತ ಮೇಲೆ ಹೋಗಿ, ಅವನ ಪೆಟ್ಟಿಗೆಯಿಂದ ಗನ್ ಎತ್ತಿಕೊಂಡೆ. ಕೊನೆಗೆ ಗೆದ್ದೆವು. ಆಟ ನನ್ನ ಒಂದು ಅಂಕವನ್ನೂ ಕಳೆಯಲಿಲ್ಲ. ಕೊಂದರೆ ಅದರ ಬಳಿ ಲೆಕ್ಕವಿದೆ, ಕೈಬಿಟ್ಟರೆ ಇಲ್ಲ.

ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಸಲಾಮಿಗೆ ಅವನು ಜವಾಬು ಕೊಟ್ಟ, ಮುಖ ನೋಡಲಿಲ್ಲ. ದಿನಾ ಪಕ್ಕದಲ್ಲಿ ಕೂರುವವನು ಹಿಂದಿನ ಸೀಟಿಗೆ ಹೋದ.

"ಆಟ ತಾನೇ?" ಎಂದೆ.

"ಆಟವೇ. ಆದ್ರೆ ಕೂಗಿದ್ದು ನಾನೇ ಅಲ್ವಾ? ಕೇಳಿಸ್ಕೊಂಡಿದ್ದು ನೀನೇ ಅಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಅದರಲ್ಲಿ ಸತ್ತದ್ದು ಬೊಂಬೆ, ನಿಜ. ಆದರೆ ಕೇಳಿಯೂ ಕೇಳದಂತೆ ಕೂತವನು ಬೊಂಬೆಯಲ್ಲ, ನಾನು.

ಆ ಸಂಜೆ, ಕಾವೇರಿ ಕಪಿಲೆ ಸೇರುವ ನಮ್ಮ ಸಂಗಮದ ಮೆಟ್ಟಿಲ ಮೇಲೆ ಕೂತು ಮಾಫಿ ಕೇಳಿದೆ. "ಬಿಡೋ" ಎಂದು ನಕ್ಕ. ಈಗ ಮತ್ತೆ ಜೊತೆಗೇ ಆಡುತ್ತೇವೆ. ಆದರೆ ಬಿದ್ದಾಗ ಅವನು ಬೇರೆಯವರ ಹೆಸರು ಕೂಗುತ್ತಾನೆ. ಮೆರಿಟ್ ಅಂಕ ಹೋದರೆ ಸರಿಯಾಗಿ ಆಡಿ ಮರಳಿ ಪಡೆಯಬಹುದು. ಅವನು ನನ್ನ ಹೆಸರು ಕೂಗುವ ದಿನಕ್ಕೆ ನಾನಿನ್ನೂ ಕಾಯುತ್ತಿದ್ದೇನೆ.