ಗಾಜಿನ ಬುರುಡೆಯ ಬೆಳಕಿಗೆ ಮರುಳಾಗುವ ಮುನ್ನ

‘ಸಾರ್, ಅಗ್ಗದಲ್ಲೊಂದು ವಾಲ್ವ್ ಆಂಪ್ಲಿಫೈಯರ್ ಸಿಗ್ತಿದೆ, ತಗೊಳ್ಳಲಾ?’ ಎಂದು ಹಳೆಯ ವಿದ್ಯಾರ್ಥಿಗಳು ಬಂದು ಕೇಳುವುದು ಈಚೆಗೆ ಹೆಚ್ಚಾಗಿದೆ. ನನಗೆ ಒಳಗೊಳಗೇ ಖುಷಿ. 1960ರ ದಶಕದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲೂ ತಯಾರಾಗುತ್ತಿದ್ದ ಈ ಗಾಜಿನ ಬುರುಡೆಗಳನ್ನು ಟ್ರಾನ್ಸಿಸ್ಟರು ಮೂಲೆಗೆ ತಳ್ಳಿತ್ತು. ಈಗ ಅವು ಷೋಕಿಯ ವಸ್ತುವಾಗಿ ಮರಳಿವೆ. ಷೋಕಿ ತಪ್ಪಲ್ಲ. ಆದರೆ ದುಡ್ಡು ಕೊಡುವ ಅಪ್ಪ ಅಮ್ಮಂದಿರಿಗೆ ಪೆಟ್ಟಿಗೆಯೊಳಗೆ ಏನಿದೆ ಎಂಬುದು ಗೊತ್ತಿರುವುದಿಲ್ಲ.

ಅದು ನಿಜವಾಗಿ ವಾಲ್ವ್ ಆಂಪ್ಲಿಫೈಯರ್ ಹೌದೇ ಎಂಬುದೇ ಮೊದಲ ಪ್ರಶ್ನೆ. ತೀರ ಅಗ್ಗದವುಗಳಲ್ಲಿ ಹೆಬ್ಬೆರಳು ಗಾತ್ರದ ಎರಡು ವಾಲ್ವ್‌ಗಳು ಕೆಂಪಗೆ ಹೊಳೆಯುತ್ತಿರುತ್ತವೆ. ಎಷ್ಟೋ ಸಲ ಆ ಹೊಳಪು ಅಡಿಯಲ್ಲಿಟ್ಟ ಎಲ್‌ಇಡಿಯದು. ಸ್ಪೀಕರನ್ನು ದುಡಿಸುವುದು ಒಳಗಿರುವ ಐಸಿ. ಅಂಥದ್ದು ಕಡಿಮೆ ವೋಲ್ಟೇಜಿನ ಅಡಾಪ್ಟರ್‌ನಲ್ಲಿ ನಡೆಯುವುದರಿಂದ ಎಳೆಯರಿಗೆ ಅದೇ ಕ್ಷೇಮ. ಅದಕ್ಕೆ ಅಸಲಿಯ ಬೆಲೆ ತೆರಬಾರದು, ಅಷ್ಟೆ.

ಅಸಲಿಯನ್ನು ಎತ್ತಿ ನೋಡಿಯೇ ಗುರುತಿಸಬಹುದು. ವಾಲ್ವ್‌ನಲ್ಲಿ ವೋಲ್ಟೇಜು ಹೆಚ್ಚು, ಕರೆಂಟು ಕಡಿಮೆ. ಸ್ಪೀಕರಿಗೆ ಬೇಕಾದದ್ದು ಇದರ ತಿರುಗುಮುರುಗು. ಈ ವಿನಿಮಯವನ್ನು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮಾಡುತ್ತದೆ. ತಗ್ಗಿನ ಸ್ವರಗಳಿಗಾಗಿ ಅದರಲ್ಲಿ ಸಾಕಷ್ಟು ಕಬ್ಬಿಣ ಇರಲೇಬೇಕು. ಕಬ್ಬಿಣದಲ್ಲಿ ಜಿಪುಣತನ ತೋರಿದರೆ ಮೃದಂಗದ ಎಡಗೈ ನಾದ ಬಡಕಲಾಗುತ್ತದೆ. ಸ್ಟೀರಿಯೊ ಆದರೆ ಸಾಮಾನ್ಯವಾಗಿ ಪವರ್‌ಗೊಂದು, ಔಟ್‌ಪುಟ್‌ಗೆ ಎರಡು, ಒಟ್ಟು ಮೂರು ಟ್ರಾನ್ಸ್‌ಫಾರ್ಮರ್. ಮಗು ಒಂದೇ ಕೈಯಲ್ಲಿ ಎತ್ತುವಂತಿದ್ದರೆ ಅನುಮಾನಪಡಿ.

ವಾಟ್‌ಗಳ ಲೆಕ್ಕಕ್ಕೆ ಒಂಬತ್ತನೆಯ ತರಗತಿಯ ಪಾಠ ಸಾಕು. ಇಎಲ್ 84 ಎಂಬ ಜನಪ್ರಿಯ ವಾಲ್ವ್ ಒಂಟಿಯಾಗಿ ದುಡಿದರೆ ಸುಮಾರು 5 ವಾಟ್ ಕೊಡುತ್ತದೆ. ಜೋಡಿಯಾಗಿ ದುಡಿದರೆ ಹೆಚ್ಚೆಂದರೆ 17. ಹಿಂಬದಿಯ ತಗಡಿನಲ್ಲಿ ‘ವಿದ್ಯುತ್ ಬಳಕೆ 60 ವಾಟ್’ ಎಂದಿದ್ದು, ರಟ್ಟಿನ ಡಬ್ಬಿಯ ಮೇಲೆ ‘50+50 ವಾಟ್’ ಎಂದಿದ್ದರೆ, ಶಕ್ತಿ ಸಂರಕ್ಷಣಾ ನಿಯಮದ ದಿನ ತಯಾರಕರು ಶಾಲೆಗೆ ಚಕ್ಕರ್ ಹೊಡೆದಿದ್ದರೆಂದೇ ಅರ್ಥ.

ಹಳೆಯ ವಾಲ್ವ್ ಕೊಳ್ಳುವುದಾದರೆ ಗಾಜಿನ ಒಳಗೋಡೆಯ ಬೆಳ್ಳಿಬಣ್ಣದ ಲೇಪ ನೋಡಿ. ಅದು ಬೇರಿಯಂ. ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ.

ಶಬ್ದ ಕೆಟ್ಟರೆ ದುಡ್ಡು ಹೋಯಿತು ಎನ್ನಬಹುದು. ನನ್ನ ಚಿಂತೆ ಬೇರೆ. ಕಳೆದ ವರ್ಷ ಪಿಯುಸಿ ಹುಡುಗನೊಬ್ಬ ಹೊಸ ಆಂಪ್ಲಿಫೈಯರನ್ನು ಅಪ್ಪನೊಂದಿಗೆ ಹೊತ್ತು ತಂದ. ಲೋಹದ ಮೈ, ಮೂರು ಪಿನ್ನಿನ ಪ್ಲಗ್, ನೋಡಲು ಭರ್ಜರಿ. ಗೋಡೆಯಿಂದ ಕಿತ್ತಿಟ್ಟ ಪ್ಲಗ್ಗಿನ ದಪ್ಪ ಪಿನ್ನಿಗೂ ಪೆಟ್ಟಿಗೆಯ ಬರಿ ಲೋಹಕ್ಕೂ ಮಲ್ಟಿಮೀಟರ್ ಹಿಡಿದೆ. ಒಂದು ಓಮ್‌ಗಿಂತ ಕಡಿಮೆ ಬರಬೇಕಿತ್ತು. ಮುಳ್ಳು ಅಲುಗಲಿಲ್ಲ. ಅರ್ತ್ ತಂತಿಯನ್ನು ಬಣ್ಣದ ಮೇಲೆಯೇ ಬಿಗಿದಿದ್ದರು! ಒಳಗಿನ ಇನ್ಸುಲೇಷನ್ ಎಂದಾದರೂ ಸೋತರೆ ಇಡೀ ಪೆಟ್ಟಿಗೆಗೆ 230 ವೋಲ್ಟ್ ಬರುತ್ತದೆ, ಫ್ಯೂಸ್ ಹಾರುವುದೂ ಇಲ್ಲ.

ನಮ್ಮೂರಿನ ಅನುಭವಸ್ಥ ರೇಡಿಯೊ ರಿಪೇರಿಯವರು ಅದನ್ನು ಬಿಚ್ಚಿದಾಗ ಇನ್ನೊಂದು ಕೊರತೆ ಕಂಡಿತು. ಇಂಥ ಆಂಪ್ಲಿಫೈಯರ್‌ನ ಫಿಲ್ಟರ್ ಕೆಪಾಸಿಟರಿನಲ್ಲಿ 350 ವೋಲ್ಟ್‌ವರೆಗೂ ಡಿಸಿ ತುಂಬಿರುತ್ತದೆ. 100 ಮೈಕ್ರೊಫ್ಯಾರಡ್ ಆದರೆ ಶಕ್ತಿ 6 ಜೌಲ್. ಪ್ರಾಣಕ್ಕೇ ಸಂಚಕಾರ ತರಬಹುದು. ವಾಲ್ವ್‌ಗಳು ಬಿಸಿಯಾಗಿದ್ದರೆ ಸ್ವಿಚ್ ಆರಿಸಿದ ಮೇಲೆ ಅವೇ ಆ ಚಾರ್ಜನ್ನು ಹೀರುತ್ತವೆ. ವಾಲ್ವ್ ಸುಟ್ಟಿದ್ದರೆ, ಕಿತ್ತಿದ್ದರೆ, ಪ್ಲಗ್ ತೆಗೆದ ಬಹಳ ಹೊತ್ತಿನ ಮೇಲೂ ಅದು ಅಲ್ಲೇ ಹೊಂಚುಹಾಕಿರುತ್ತದೆ. ಹುಡುಗರು ಮುಚ್ಚಳ ತೆಗೆಯುವುದು ಅಂಥ ಹೊತ್ತಿನಲ್ಲೇ ತಾನೆ? ಕೆಪಾಸಿಟರಿಗೆ ಅಡ್ಡಲಾಗಿ 220 ಕಿಲೊ ಓಮ್‌ನ ಬ್ಲೀಡರ್ ರೆಸಿಸ್ಟರ್ ಇದ್ದರೆ ಎರಡು ನಿಮಿಷದಲ್ಲಿ 2 ವೋಲ್ಟಿಗೂ ಕೆಳಗಿಳಿಯುತ್ತದೆ. ಇದರಲ್ಲಿ ಅದು ಇರಲೇ ಇಲ್ಲ. ಕೆಲವೇ ರೂಪಾಯಿಯ ಸಾಮಾನು.

ಅವರು ಬಣ್ಣ ಕೆರೆದು ಅರ್ತ್ ಬಿಗಿದರು, ಎರಡು ವಾಟ್‌ನ ರೆಸಿಸ್ಟರ್ ಬೆಸೆದರು. ಹುಡುಗ ತಾನೇ ಬೆಸೆಯುತ್ತೇನೆಂದು ಹಟ ಹಿಡಿದಿದ್ದ. ಅಪ್ಪ ಬಿಡಲಿಲ್ಲ, ನಾನೂ ಅವರ ಕಡೆಗೇ ನಿಂತೆ. ‘ಇಷ್ಟೆಲ್ಲ ಮಾಡಿಸಿದ ಮೇಲೆ ಅಗ್ಗ ಎಲ್ಲಿ ಬಂತು ಮೇಷ್ಟ್ರೆ?’ ಎಂದರು ಅಪ್ಪ. ರಿಪೇರಿಯವರು ಕೇಳಿದ್ದು 300 ರೂಪಾಯಿ.