ಹಳೆಯ ಬೋಗಿ, ಹೊಸ ಗಾಲಿ

ಪುಣೆ ಜಿಲ್ಲೆಯ ಶಿರೂರಿನಲ್ಲಿ ರೈಲಿಲ್ಲ. ಘೋಡ್ ನದಿಯ ದಂಡೆಯ ಈ ಊರಿಗಿರುವುದು ಹೆದ್ದಾರಿ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯಬೇಕೆಂದರೆ ಪುಣೆಗೋ ದೌಂಡಿಗೋ ಹೋಗಬೇಕು. ಇಂಥ ಊರಿನಲ್ಲಿ ಮನೆಯಲ್ಲೇ ರೈಲು ಬೇಕೆನ್ನುವವರಿಗೆ ಮೇಜಿನ ಮೇಲೆ ಓಡುವುದೊಂದೇ ದಾರಿ. ಅದು ಎಷ್ಟು ದೂರ ಹೋಗಬಲ್ಲದೆಂದು ತಿಳಿಯಲು ಪುಣೆಯ ಕೋಥರೂಡಿನಲ್ಲಿರುವ ಭಾವೂಸಾಹೇಬ ಜೋಶಿಯವರ ಕಿರು ರೈಲುಗಳ ಸಂಗ್ರಹಾಲಯವನ್ನು ನೋಡಬೇಕು. 1998ರಿಂದ ಅದು ಜನರಿಗೆ ತೆರೆದಿದೆ.

ಮನೆಗಳಲ್ಲಿ ಸಾಮಾನ್ಯವಾಗಿ ಉಳಿದಿರುವುದು ಅಷ್ಟು ದೊಡ್ಡದಲ್ಲ. ವಿದೇಶದಿಂದ ಯಾರೋ ತಂದುಕೊಟ್ಟ ಎರಡು ಮೂರು ಬೋಗಿ, ಬಣ್ಣ ಮಾಸಿದ ಡಬ್ಬಿ. ಹೊರತೆಗೆದು ಹೊಸ ಹಳಿಯ ಮೇಲಿಟ್ಟರೆ ಗಡಗಡ ಸದ್ದು ಮಾಡುತ್ತವೆ, ಹಳಿ ಕವಲೊಡೆಯುವಲ್ಲಿ ಮಗ್ಗುಲಾಗುತ್ತವೆ. ತಪ್ಪು ಬಹುಮಟ್ಟಿಗೆ ಗಾಲಿಯದು.

ನಿಜವಾದ ರೈಲುಗಾಲಿಯ ಒಳಬದಿಯಲ್ಲಿ ಹಳಿಯಿಂದ ಕೆಳಗಿಳಿಯುವ ಅಂಚನ್ನು ಫ್ಲೇಂಜ್ ಎನ್ನುತ್ತಾರೆ. ನಮ್ಮ ಬ್ರಾಡ್‌ಗೇಜ್ ಬೋಗಿಯ ಹೊಸ ಗಾಲಿಯಲ್ಲಿ ಅದರ ಆಳ 28.5 ಮಿಮೀ. 87 ಪಟ್ಟು ಕುಗ್ಗಿಸಿದರೆ ಮೂರನೇ ಒಂದು ಮಿಲಿಮೀಟರ್ ಆಗುತ್ತದೆ. ಅಷ್ಟು ತೆಳುವಾದ ಅಂಚು ಮೇಜಿನ ಉಬ್ಬುತಗ್ಗಿಗೆ ನಿಲ್ಲುವುದಿಲ್ಲ. ಹಾಗಾಗಿ ಹಳೆಯ ಆಟಿಕೆ ತಯಾರಕರು ಒಂದು ಮಿಲಿಮೀಟರಿಗೂ ಆಳದ ಅಂಚು ಕೊಟ್ಟರು. ಮಕ್ಕಳು ನೆಲದ ಮೇಲೆ ಓಡಿಸಿದರೂ ಬೀಳದಿರಲಿ ಎಂಬ ಕಾಳಜಿ ಅದು. ಇಂದಿನ ತಗ್ಗು ಹಳಿಗಳಲ್ಲಿ ಅದೇ ಅಂಚು ಹಳಿ ಹಿಡಿದಿರುವ ಗುಬುಟುಗಳಿಗೆ ಬಡಿಯುತ್ತದೆ.

ಎರಡನೆಯದು ಎರಡು ಗಾಲಿಗಳ ಒಳಬೆನ್ನುಗಳ ನಡುವಿನ ಅಂತರ. 16.5 ಮಿಮೀ ಹಳಿಗೆ ಅದು ಸುಮಾರು 14.4 ಮಿಮೀ ಇರಬೇಕು. ಹಳೆಯ ಹಲವು ಗಾಲಿಗಳಲ್ಲಿ 14ಕ್ಕೂ ಕಡಿಮೆ. ಅಂತರ ಕಿರಿದಾದರೆ ಕವಲಿನ ಪಕ್ಕದ ಕಾವಲು ಹಳಿಯ ಮೇಲೆ ಗಾಲಿ ಹತ್ತಿ ಕೂರುತ್ತದೆ. ಮಗ್ಗುಲಾಗುವುದು ಆಗಲೇ. ಮೂರನೆಯದು ಕೊಳೆ: ಪ್ಲಾಸ್ಟಿಕ್ ಗಾಲಿ ಕಪ್ಪು ಮೇಣದಂಥ ಪದರ ಕಟ್ಟಿಕೊಂಡು ಅದನ್ನು ಹಳಿಯುದ್ದಕ್ಕೂ ಬಳಿಯುತ್ತದೆ. ಎಂಜಿನ್ನಿಗೆ ಕರೆಂಟು ಸಿಗದೆ ನಿಂತುಬಿಡುತ್ತದೆ.

ಬದಲಿಸುವ ಕೆಲಸ ಚಿಕ್ಕದು. ಗಾಲಿ ಕೂರುವ ಚೌಕಟ್ಟನ್ನು ಬೆರಳಿನಿಂದ ಮೆಲ್ಲಗೆ ಅಗಲಿಸಿದರೆ ಅಚ್ಚು ಹೊರಬರುತ್ತದೆ. ಅಳತೆ ಮಾತ್ರ ಮೊದಲೇ ಆಗಿರಬೇಕು. ಹೊಸ ಅಚ್ಚು ಉದ್ದವಾದರೆ ಚೌಕಟ್ಟು ಬಿರಿದು ಗಾಲಿ ಬಿಗಿಯುತ್ತದೆ, ಗಿಡ್ಡವಾದರೆ ಅಲ್ಲಾಡಿ ಕಳಚುತ್ತದೆ. ಗಾಲಿ ದೊಡ್ಡದಾದರೆ ಬೋಗಿ ಎತ್ತರಗೊಂಡು ಪಕ್ಕದ ಬೋಗಿಯ ಕೊಂಡಿಗೆ ಸಿಗುವುದಿಲ್ಲ. ಲೋಹದ ಗಾಲಿಯಾದರೆ ಒಂದು ಬದಿಯಾದರೂ ಅಚ್ಚಿನಿಂದ ವಿದ್ಯುತ್ ತಡೆಹೊಂದಿರಲೇಬೇಕು. ಇಲ್ಲದಿದ್ದರೆ ಎರಡೂ ಹಳಿ ಸೇರಿ ಶಾರ್ಟ್ ಆಗುತ್ತದೆ. ಮಾರ್ಕ್ಲಿನ್ ಕಂಪನಿಯ ಹಳೆಯ ಬೋಗಿಗಳು ಎರಡು ಹಳಿಯ ವ್ಯವಸ್ಥೆಯಲ್ಲಿ ಓಡದಿರುವುದಕ್ಕೆ ಇದೇ ಕಾರಣ. ಎತ್ತಿನಗಾಡಿಗೆ ಹಾಕಿದಂತೆ ಕೀಲೆಣ್ಣೆ ಸುರಿಯಬಾರದು, ಧೂಳು ಅಂಟುತ್ತದೆ.

ಕೈ ತಡೆಯುವುದು ಬೇರೆ ಕಡೆ. ಗಾಲಿ ಬದಲಿಸಿದರೆ ಅದು ಅಪ್ಪ ಓಡಿಸಿದ ಬೋಗಿಯಾಗಿ ಉಳಿಯುತ್ತದೆಯೇ? ಸಂಗ್ರಹಕಾರರು ಇಲ್ಲ ಎನ್ನುತ್ತಾರೆ, ಬೆಲೆಯೂ ಇಳಿಯುತ್ತದೆ. ಅವರ ಮಾತಿಗೆ ತೂಕವಿದೆ: ಆ ಒರಟು ಗಾಲಿ ಅದು ತಯಾರಾದ ಕಾಲದ ಸಾಕ್ಷಿ.

ಆದರೆ ರೈಲ್ವೆಯನ್ನೇ ಕೇಳಿದರೆ ಉತ್ತರ ಬೇರೆ. ಬೋಗಿಯ ಆಯುಷ್ಯ 25 ವರ್ಷವೆಂದು ಲೆಕ್ಕ. ಐಸಿಎಫ್ ಬೋಗಿಯ ಗಾಲಿ 915 ಮಿಮೀ ವ್ಯಾಸದಲ್ಲಿ ಬದುಕು ಆರಂಭಿಸಿ, ಸವೆದಾಗಲೆಲ್ಲ ಲೇತಿಗೆ ಹೋಗಿ ಕಿರಿದಾಗುತ್ತ, 825ರ ಹೊತ್ತಿಗೆ ಗುಜರಿ ಸೇರುತ್ತದೆ. ಆ ಜಾಗಕ್ಕೆ ಹೊಸದು ಬರುತ್ತದೆ. 1984ರಿಂದ ನಮ್ಮ ಯಲಹಂಕದ ಕಾರ್ಖಾನೆ ಗಾಲಿ, ಅಚ್ಚು ತಯಾರಿಸುತ್ತಿರುವುದು ಇದಕ್ಕಾಗಿಯೇ. ಗಾಲಿ ಬದಲಾಯಿತೆಂದು ಯಾರೂ ಬೋಗಿಯ ನಂಬರು ಬದಲಿಸುವುದಿಲ್ಲ.

ಪೂರ್ತಿ ನಿಷ್ಠೆ ಮೊದಲಿನಿಂದಲೂ ಇರಲಿಲ್ಲ. ನಮ್ಮ 1676 ಮಿಮೀ ಬ್ರಾಡ್‌ಗೇಜ್ 87 ಪಟ್ಟು ಕುಗ್ಗಿದರೆ 19 ಮಿಮೀ ದಾಟುತ್ತದೆ. 16.5 ಮಿಮೀ ಹಳಿ ಯುರೋಪಿನ 1435 ಮಿಮೀ ಅಳತೆಯದು. ಅದರ ಮೇಲೆ ನಿಂತ ಭಾರತದ ಬೋಗಿ ಪರದೇಶದ ಕಾಲಿನ ಮೇಲೆ ನಿಂತಂತೆ.

ಹೀಗಾಗಿ ನ್ಯಾಯವಾದ ದಾರಿ ಒಂದಿದೆ. ಚೌಕಟ್ಟನ್ನು ಕೊರೆಯದೆ, ಅಂಟು ಹಾಕದೆ, ಹಿಂತಿರುಗಿಸಬಹುದಾದ ರೀತಿಯಲ್ಲಿ ಗಾಲಿ ಬದಲಿಸುವುದು. ಹಳೆಯವನ್ನು ಪೊಟ್ಟಣ ಕಟ್ಟಿ, ಯಾವ ಬೋಗಿಯದೆಂದು ಬರೆದು, ಅದೇ ಡಬ್ಬಿಯಲ್ಲಿಡುವುದು. ಕೊರೆಯದೆ ಆಗುವುದಿಲ್ಲ ಎನ್ನುವ ಬೋಗಿಯನ್ನು ಹಾಗೆಯೇ ಬಿಡಬೇಕು, ಅದು ಕಪಾಟಿನಲ್ಲಿ ನಿಲ್ಲಲಿ. ಉಳಿದವು ಓಡಲಿ. ಓಡುವ ಬೋಗಿಯನ್ನಷ್ಟೇ ಮನೆಯ ಮುಂದಿನ ಮಗು ಕೈಗೆತ್ತಿಕೊಳ್ಳುತ್ತದೆ.